ಬಂಪರಿನ ಮೇಲೆ ಬಿದ್ದ ಗಂಧ

ಎಸ್ತೆರಕ್ಕ ಬಗ್ಗಿ ಫಿಯೆಟ್ ಕಾರಿನ ಬಂಪರನ್ನು ಮೂಸಿ ನೋಡಿದರು.

ಬಾಗಿದ ನಂಬರ್ ಪ್ಲೇಟನ್ನು ಮುಟ್ಟಲಿಲ್ಲ. ಬಿರುಕು ಬಿಟ್ಟ ಹೆಡ್‌ಲೈಟಿನ ಕಡೆ ಕಣ್ಣು ಹಾಯಿಸಲಿಲ್ಲ. ಸಾರು ಹಳಸಿದೆಯೋ ಇಲ್ಲವೋ ಎಂದು ನೋಡುವವರ ಹಾಗೆ ಬಂಪರಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ಒಂದು ಉದ್ದದ ಉಸಿರು ಎಳೆದುಕೊಂಡರು.

ಠಾಣೆಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಲೋಕನಾಥನಿಗೆ ನಗು ತಡೆಯುವುದೇ ಕಷ್ಟವಾಯಿತು. ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದ ಹೆಂಗಸು. ಬಿಳಿ ಸೀರೆ, ದಾರ ಕಟ್ಟಿದ ಕನ್ನಡಕ, ಕಂಕುಳಲ್ಲಿ ಬಟ್ಟೆಚೀಲ. ಊರಿನಲ್ಲಿ ಏನು ಕಳೆದರೂ, ಏನು ಒಡೆದರೂ ಜನ ಪೊಲೀಸರನ್ನು ಬಿಟ್ಟು ಇವರ ಮನೆ ಬಾಗಿಲು ತಟ್ಟುತ್ತಾರಂತೆ. ಹಂಚು ನೋಡಿದವರಿಗೆ ಕಾರು ಗೊತ್ತಾಗುತ್ತದೆಯೇ?

"ಗಂಧ," ಎಂದರು ಎಸ್ತೆರಕ್ಕ.

"ಎಂತ ಗಂಧ?"

"ಪೂಜೆಯ ಗಂಧ, ಲೋಕನಾಥ. ಮೊಯ್ದೀನಬ್ಬ, ನಿಮ್ಮ ಕಾರಿಗೆ ಇವತ್ತು ಆಯುಧಪೂಜೆ ಮಾಡಿಸಿದ್ರಾ?"

ಬಂದರಿನಲ್ಲಿ ತೆಂಗಿನಹಗ್ಗದ ಅಂಗಡಿ ಇಟ್ಟಿರುವ ಮೊಯ್ದೀನಬ್ಬ ಆ ಫಿಯೆಟ್ಟಿನ ಒಡೆಯ, ಎಸ್ತೆರಕ್ಕನನ್ನು ಕರೆತಂದವರೂ ಅವರೇ. ಅವರು ಗಡ್ಡ ನೀವಿಕೊಂಡು ಬೆಪ್ಪಾಗಿ ನೋಡಿದರು. "ಯಾ ಅಲ್ಲಾ! ನಾನು ಯಾಕೆ ಮಾಡಿಸ್ತೇನೆ ಎಸ್ತೆರಕ್ಕ?"

"ಅದೇ ನಾನು ಕೇಳುವುದು. ಹಾಗಾದ್ರೆ ನಿಮ್ಮ ಬಂಪರಿಗೆ ಗಂಧ ಹಚ್ಚಿದ್ದು ಯಾರು?"

ಲೋಕನಾಥನ ನಗು ಅರ್ಧಕ್ಕೆ ನಿಂತಿತು. ಅವನು ಮೆಟ್ಟಿಲಿಳಿದು ಬಂದ.

ಆ ಮಧ್ಯಾಹ್ನ ಎರಡೂಕಾಲಿಗೆ ದೇರೆಬೈಲಿನ ಏರಿನಲ್ಲಿ ಆದದ್ದು ಇಷ್ಟು: ಮುಂದೆ ಹೋಟೆಲ್ ಮಾಲೀಕ ಮಹಾಬಲ ಶೆಟ್ಟರ ಅಂಬಾಸಿಡರ್, ಹಿಂದೆ ಮೊಯ್ದೀನಬ್ಬನವರ ಅಳಿಯ ಅಯ್ಯೂಬ್ ಓಡಿಸುತ್ತಿದ್ದ ಈ ಫಿಯೆಟ್. ಧಡ್ ಎಂದು ಸದ್ದು. ಅಂಬಾಸಿಡರಿನ ಹಿಂದಿನ ಸೀಟಿನಲ್ಲಿದ್ದ ಶೆಟ್ಟರ ತಾಯಿ ಸುಂದರಿಯಮ್ಮನ ಹಣೆ ಒಡೆದು ನಾಲ್ಕು ಹೊಲಿಗೆ.

ರಸ್ತೆ ಬದಿಯಲ್ಲಿ ಅರವತ್ತು ಜನ ಇದ್ದರು. ಆದರೆ ಅರವತ್ತು ಜನರ ಕಣ್ಣೂ ಹುಲಿವೇಷದವರ ಮೇಲಿತ್ತು. ತಾಸೆಯ ಬಡಿತಕ್ಕೆ ಏಳು ಹುಲಿಗಳು ನಡುರಸ್ತೆಯಲ್ಲಿ ಲಾಗ ಹಾಕುತ್ತಿರುವಾಗ ಕಾರು ನೋಡುವ ಹುಚ್ಚು ಯಾರಿಗೆ? ಎಲ್ಲರೂ ಕೇಳಿದ್ದು ಸದ್ದು ಮಾತ್ರ.

ಲೋಕನಾಥನಿಗೆ ಸಾಕ್ಷಿಯೂ ಬೇಕಾಗಿರಲಿಲ್ಲ. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಇಂಥವು ಎಷ್ಟೋ. ಎಲ್ಲದಕ್ಕೂ ಒಂದೇ ವಾಕ್ಯ: ಹಿಂದಿನ ವಾಹನದ ಚಾಲಕನ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ. ಪೆನ್ನು ಕಾಗದಕ್ಕೆ ತಾಗಿದರೆ ಆ ವಾಕ್ಯ ತಾನೇ ಇಳಿದುಬಿಡುತ್ತಿತ್ತು. ಇವತ್ತಿನ ಮಹಜರಿನಲ್ಲೂ ಇಳಿದಾಗಿತ್ತು.

"ನಾನು ನಿಂತಿದ್ದೆ ಸಾರ್," ಎಂದು ಅಯ್ಯೂಬ್ ಇಪ್ಪತ್ತನೆಯ ಸಲ ಹೇಳಿದ. ಇಪ್ಪತ್ನಾಲ್ಕು ವರ್ಷದ ಸಪೂರ ಜೀವ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಈಗ ಬೆವರಿಗೆ ಬೆನ್ನಿಗಂಟಿತ್ತು. "ಎದುರಿನ ಕಾರೇ ಹಿಂದೆ ಬಂದದ್ದು. ನಾನು ಹಾರ್ನ್ ಹೊಡೆದೆ. ಆ ತಾಸೆಯ ಸದ್ದಿಗೆ ನನಗೇ ಕೇಳ್ಲಿಲ್ಲ."

"ಎಲ್ಲರೂ ಹೇಳುವುದು ಇದನ್ನೇ ಮಾರಾಯ," ಎಂದ ಲೋಕನಾಥ. ಆದರೆ ಈ ಸಲ ಮಾತಿನಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಹುಡುಗನ ಲೈಸೆನ್ಸು ಲೋಕನಾಥನ ಮೇಜಿನ ಡ್ರಾಯರಿನಲ್ಲಿತ್ತು. ನಾಳೆ ಬೆಳಿಗ್ಗೆ ಅಯ್ಯೂಬ್ ಬೊಂಬಾಯಿ ಬಸ್ಸು ಹತ್ತಬೇಕು. ದಮ್ಮಾಮಿನಲ್ಲಿ ಡ್ರೈವರ್ ಕೆಲಸ, ವೀಸಾ ಬಂದಾಗಿದೆ. ಶುಕ್ರವಾರ ಏಜೆಂಟನ ಮುಂದೆ ಲೈಸೆನ್ಸು ತೋರಿಸದಿದ್ದರೆ ಆ ಜಾಗಕ್ಕೆ ಬೇರೆಯವ ಕಾದು ನಿಂತಿದ್ದಾನೆ. ಸಬ್ ಇನ್‌ಸ್ಪೆಕ್ಟರ್ ಚಿತ್ತರಂಜನ್ ದಸರಾ ಬಂದೋಬಸ್ತಿಗೆ ಹೋಗುವಾಗ, "ಆರು ಗಂಟೆಗೆ ಬರ್ತೇನೆ, ಫೈಲ್ ರೆಡಿ ಇರ್ಲಿ" ಎಂದಿದ್ದರು. ಅವರ ಸಹಿ ಬಿದ್ದರೆ ಕೇಸು ಕೋರ್ಟಿಗೆ, ಲೈಸೆನ್ಸೂ ಅದರ ಜೊತೆಗೆ.

ಈಗ ಐದು ಗಂಟೆ. ಪೂರ್ವದಲ್ಲಿ ಪಡೀಲಿನ ಆಚೆ ಆಕಾಶ ಕಪ್ಪಾಗಿತ್ತು. ಗುಡುಗು ಒಂದು ಸಲ ಗಂಟಲು ಸರಿಮಾಡಿಕೊಂಡಿತು.

"ಮೊಯ್ದೀನಬ್ಬ, ಕೊಡೆ ಉಂಟಾ?" ಎಸ್ತೆರಕ್ಕ ಕೇಳಿದರು.

"ಉಂಟು. ನಿಮಗೆ ಹಿಡೀಬೇಕಾ?"

"ನನಗಲ್ಲ, ಬಂಪರಿಗೆ. ಒಂದು ಹನಿ ಬಿದ್ರೂ ನಿಮ್ಮ ಅಳಿಯನ ಲೈಸೆನ್ಸು ತೊಳ್ದು ಹೋಗ್ತದೆ."

ಮೊಯ್ದೀನಬ್ಬ ಮರುಮಾತಾಡದೆ ದೊಡ್ಡ ಕಪ್ಪು ಕೊಡೆ ಬಿಚ್ಚಿ, ತನ್ನ ತಲೆ ಬಯಲಿಗೆ ಬಿಟ್ಟು, ಕಾರಿನ ಮೂತಿಗೆ ಹಿಡಿದು ನಿಂತರು.

"ಲೋಕನಾಥ, ಇಲ್ಲಿ ಕುಕ್ಕುರುಗಾಲಲ್ಲಿ ಕೂತುಕೊಳ್ಳಿ. ಹಾಗಲ್ಲ, ಬದಿಯಿಂದ. ಬೆಳಕು ಓರೆಯಾಗಿ ಬೀಳ್ಬೇಕು. ಈಗ ಹೇಳಿ, ಎಂತ ಕಾಣ್ತದೆ?"

ಮೊದಲು ಏನೂ ಕಾಣಲಿಲ್ಲ. ಹೊಳೆಯುವ ತಗಡು, ಧೂಳು, ತನ್ನದೇ ಮುಖದ ಸೊಟ್ಟ ನೆರಳು. ಆಮೇಲೆ ತಲೆಯನ್ನು ಒಂದಿಷ್ಟು ಓರೆ ಮಾಡಿದ. ಅಷ್ಟೇ, ಅದು ಮೇಲೆದ್ದು ಬಂತು.

ಮೂರು ಅಡ್ಡಗೆರೆಗಳು. ಭಟ್ಟರು ಮೂರು ಬೆರಳಲ್ಲಿ ಎಳೆದ ಗಂಧದ ಗೆರೆಗಳು. ಅವುಗಳ ನಡುವೆ ಮಾಸಲು ಕೆಂಪಿನ ಒಂದು ಬೊಟ್ಟು. ಆ ಬೊಟ್ಟಿನೊಳಗೆ, ಕಣ್ಣು ಕಿರಿದು ಮಾಡಿದರೆ, ಬೆರಳಿನ ತುದಿಯ ಸುಳಿ. ಒಂದೊಂದು ಗೆರೆಯೂ ಬೇರೆ ಬೇರೆಯಾಗಿ!

"ಅಬ್ಬಾ..." ಲೋಕನಾಥನಿಗೆ ಮೈ ಜುಮ್ಮೆಂದಿತು. ಎರಡೂವರೆ ಗಂಟೆ ಹೊತ್ತು ಇದೇ ಬಂಪರಿನ ಮುಂದೆ ನಾಲ್ಕು ಸಲ ಓಡಾಡಿದ್ದ. ಅಡಿಕೋಲು ಹಿಡಿದು ಅಳತೆಯನ್ನೂ ತೆಗೆದಿದ್ದ. ಇಷ್ಟು ದೊಡ್ಡ ಸಂಗತಿ ಕಣ್ಣೆದುರೇ ಇತ್ತಲ್ಲ ದೇವರೇ!

"ಈಗ ಅಲ್ಲಿ ನೋಡಿ." ಎಸ್ತೆರಕ್ಕ ಪಕ್ಕದಲ್ಲಿ ನಿಂತ ಅಂಬಾಸಿಡರಿನ ಹಿಂಭಾಗ ತೋರಿಸಿದರು. ಆ ಕಾರಿನ ಮೂತಿಗೆ ಬಾಡಿದ ಚೆಂಡುಹೂವಿನ ಮಾಲೆ ಇನ್ನೂ ನೇತಾಡುತ್ತಿತ್ತು. ಹಿಂದಿನ ಬಂಪರಿನ ಎಡಕ್ಕೆ ಒಂದು, ಬಲಕ್ಕೆ ಒಂದು ಗಂಧದ ಪಟ್ಟೆ. ಬಲಗಡೆಯದ್ದು ದಪ್ಪಕ್ಕೆ, ಹಾಗೆಯೇ ಇತ್ತು. ಎಡಗಡೆಯದ್ದು ತೆಳುವಾಗಿ, ಅರ್ಧ ಎದ್ದು ಹೋಗಿತ್ತು. ಎದ್ದ ಅರ್ಧ ಫಿಯೆಟ್ಟಿನ ಮೇಲಿತ್ತು.

"ಪೂಜೆ ಆದದ್ದು ಎಷ್ಟು ಹೊತ್ತಿಗೆ?"

"ಶೆಟ್ರ ಮನೆಯಂಗಳದಲ್ಲಿ ಒಂದೂವರೆಗೆ ಅಂತ ಹೇಳಿಕೆ ಉಂಟು."

"ಮುಕ್ಕಾಲು ಗಂಟೆ. ದಪ್ಪಗೆ ಹಚ್ಚಿದ ಗಂಧ ಅಷ್ಟರಲ್ಲಿ ಪೂರ್ತಿ ಒಣಗುವುದಿಲ್ಲ. ಹದವಾದ ಮಣ್ಣಿನ ಹಾಗೆ ಇರ್ತದೆ." ಎಸ್ತೆರಕ್ಕನ ಮುಖ ಬೆಳಗಿತು. "ನಾನು ಮೂವತ್ತೊಂದು ವರ್ಷ ಎಂತ ಕೆಲಸ ಮಾಡಿದ್ದು ಗೊತ್ತುಂಟಾ? ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಮೇಲೆ ಕಂಪೆನಿಯ ಹೆಸರು ಸರಿಯಾಗಿ ಬಿದ್ದಿದೆಯಾ ಅಂತ ನೋಡುವುದು. ಒತ್ತುವಾಗ ಅಚ್ಚು ಒಂದು ಕೂದಲಷ್ಟು ಜಾರಿದ್ರೂ ಅಕ್ಷರ ಎರಡೆರಡಾಗಿ ಮೂಡ್ತದೆ. ಅಂಥ ಹಂಚನ್ನು ನಾನು ಬದಿಗೆ ಎತ್ತಿ ಇಡ್ಬೇಕು. ಇದು ಜಾರಿಲ್ಲ, ಲೋಕನಾಥ. ಮೇಲೆ ಇಲ್ಲ, ಕೆಳಗೆ ಇಲ್ಲ, ನೇರ ಬಂದು ಒತ್ತಿದೆ. ಇಂಥ ಅಚ್ಚನ್ನು ನಾನು ಪಾಸ್ ಮಾಡ್ತೇನೆ."

ಚೀಲದಿಂದ ಹಳೆಯ ಮರದ ಅಡಿಕೋಲು ಹೊರಬಂತು. ನೆಲದಿಂದ ಅಂಬಾಸಿಡರಿನ ಪಟ್ಟೆಗೆ ಹದಿನೆಂಟೂಕಾಲು ಇಂಚು. ನೆಲದಿಂದ ಫಿಯೆಟ್ಟಿನ ಅಚ್ಚಿಗೆ ಹದಿನೆಂಟೂಕಾಲು ಇಂಚು.

"ಸರಿ, ಒಂದೇ ಎತ್ತರ. ಅದರಿಂದ ಎಂತ ಆಯ್ತು?" ಲೋಕನಾಥ ಕೇಳಿದ. ಇದು ವಾದವಲ್ಲ, ಹಸಿವು. ಅವನಿಗೆ ಮುಂದಿನದು ಈಗಲೇ ಬೇಕಾಗಿತ್ತು.

"ಅಯ್ಯೂಬ್, ಗೇಟಿನಿಂದ ಇಲ್ಲಿವರೆಗೆ ಕಾರು ತಾ. ನಾನು ಕೈ ಎತ್ತಿದ ಕೂಡಲೇ ಗಟ್ಟಿ ಬ್ರೇಕ್ ಹಾಕ್ಬೇಕು. ಲೋಕನಾಥ, ನೀವು ಆ ಗೋಡೆಯ ಪಟ್ಟಿ ನೋಡ್ತಾ ಇರಿ."

ಠಾಣೆಯ ಕಂಪೌಂಡಿನ ಗೋಡೆಗೆ ಕೆಂಪು ನೀಲಿ ಬಣ್ಣದ ಪಟ್ಟಿ ಬಳಿದಿತ್ತು. ಲೋಕನಾಥ ಕುಕ್ಕುರುಗಾಲಲ್ಲಿ ಕೂತು ನೋಡಿದರೆ ಬಂಪರಿನ ಮೇಲಂಚೂ ಕೆಂಪು ಪಟ್ಟಿಯ ಕೆಳಂಚೂ ಒಂದೇ ಸಮಕ್ಕೆ ಓಡಿಬಂದವು. ಎಸ್ತೆರಕ್ಕ ಕೈಯೆತ್ತಿದರು. ಟೈರು ಕಿರುಚಿತು.

ಫಿಯೆಟ್ಟಿನ ಮೂತಿ ನಮಸ್ಕಾರ ಮಾಡುವವರ ಹಾಗೆ ಬಗ್ಗಿತು. ಬಂಪರು ಕೆಂಪು ಪಟ್ಟಿಯಿಂದ ಕಳಚಿ ಕೆಳಗಿನ ನೀಲಿಯೊಳಗೆ ಇಳಿಯಿತು. ಎರಡಿಂಚು, ಅಲ್ಲ, ಮೂರಿಂಚೇ ಇರಬೇಕು. ಒಂದು ಕ್ಷಣ ಹಾಗೇ ನಿಂತು ಮತ್ತೆ ಮೇಲೆ ಬಂತು.

ಹುಟ್ಟಿದಾಗಿನಿಂದ ಸಾವಿರ ಕಾರು ಬ್ರೇಕ್ ಹಾಕುವುದನ್ನು ನೋಡಿದ್ದ ಲೋಕನಾಥ. ಆದರೆ ನಿಜವಾಗಿ ನೋಡಿದ್ದು ಇವತ್ತೇ. ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಹಿಂದಿನವ ಬ್ರೇಕ್ ಹಾಕಿ ಗುದ್ದಿದ್ರೆ ಅಚ್ಚು ಮೂರಿಂಚು ಮೇಲೆ, ಜಾಲರಿಯಲ್ಲಿ ಬೀಳ್ತಿತ್ತು," ಎಂದ ಅವನು ತನಗೆ ತಾನೇ ಹೇಳಿಕೊಳ್ಳುವಂತೆ.

"ಪರವಾಗಿಲ್ಲ, ಹಂಚಿನ ಕಾರ್ಖಾನೆಯಲ್ಲಿ ನಿಮಗೆ ಕೆಲಸ ಸಿಗ್ತಿತ್ತು," ಎಂದರು ಎಸ್ತೆರಕ್ಕ.

"ಬ್ರೇಕ್ ಹಾಕ್ಲೇ ಇಲ್ಲ ಅವನು!"

ಮಾತು ಬಂದದ್ದು ಠಾಣೆಯ ಬಾಗಿಲಿನಿಂದ. ಮಹಾಬಲ ಶೆಟ್ಟರು. ಆರಡಿ ಆಳು, ಜರಿಯಂಚಿನ ಪಂಚೆ, ಹಣೆಯಲ್ಲಿ ಪೂಜೆಯ ಗಂಧ ಇನ್ನೂ ಇತ್ತು. ತಾಯಿ ನರ್ಸಿಂಗ್ ಹೋಮಿನಲ್ಲಿದ್ದರೂ ಮಗ ಎರಡು ತಾಸಿನಿಂದ ಠಾಣೆಯ ಬೆಂಚು ಬಿಟ್ಟು ಎದ್ದಿರಲಿಲ್ಲ. ಕಾನೂನಿಗೆ ಎಷ್ಟು ಮರ್ಯಾದೆ ಕೊಡುತ್ತಾರಪ್ಪಾ ಎಂದು ಲೋಕನಾಥ ಆಗ ಅಂದುಕೊಂಡಿದ್ದ.

"ತಾಸೆ ಕೇಳ್ಲಿಕ್ಕೆ ಕಿವಿ ಅಲ್ಲಿ, ಹುಲಿ ನೋಡ್ಲಿಕ್ಕೆ ಕಣ್ಣು ಅಲ್ಲಿ. ಬ್ರೇಕ್ ಮುಟ್ಟದೆ ಬಂದು ಗುದ್ದಿದ್ದಾನೆ. ಮೂತಿ ಬಗ್ಗುವುದು ಹೇಗೆ? ಎಂತ ಮಾರಾಯ್ರೆ ನೀವು, ಪೊಲೀಸಿನವರು ಹೀಗೆ ಕೂತು ಹಂಚಿನ ಕಥೆ ಕೇಳುವುದಾ?"

ಲೋಕನಾಥ ಎದ್ದು ನಿಂತ. ಮಾತು ಸರಿಯೇ. ಅವನು ಎಸ್ತೆರಕ್ಕನ ಮುಖ ನೋಡಿದ.

"ಬನ್ನಿ ಶೆಟ್ರೇ, ಹತ್ರ ಬನ್ನಿ," ಎಂದರು ಅವರು, ಮನೆಗೆ ಬಂದ ನೆಂಟರನ್ನು ಕರೆದ ಹಾಗೆ. "ಏರು ಹತ್ತುವ ಕಾರು ಬ್ರೇಕ್ ಇಲ್ಲದೆ ಬಂದು ಗುದ್ದಿದ್ರೆ ಈ ರೇಡಿಯೇಟರ್ ಉಳೀತಿತ್ತಾ? ಒಂದು ತೊಟ್ಟು ನೀರು ಸೋರಿಲ್ಲ, ನೋಡಿ. ಮತ್ತೆ ನಿಮ್ಮ ಕಾರು ಪೆಟ್ಟು ತಿಂದು ಮುಂದಕ್ಕೆ ಹಾರ್ಬೇಕಿತ್ತು. ಹಾರಿದ್ರೆ ಗಂಧ ಒರಸಿ ಹೋಗ್ತಿತ್ತು. ಭಟ್ರ ಬೆರಳಿನ ಸುಳಿ ಹೀಗೆ ಉಳೀತಿರ್ಲಿಲ್ಲ. ಇದು ಜೋರಿನ ಪೆಟ್ಟಲ್ಲ. ಭಾರದ ಪೆಟ್ಟು. ಭಾರದ್ದೊಂದು ಮೆಲ್ಲ ಬಂದು ನಿಂತ ಕಾರಿಗೆ ಒರಗಿದೆ."

ಶೆಟ್ಟರು ಮೆಟ್ಟಿಲ ಮೇಲಿಂದಲೇ ರೇಡಿಯೇಟರಿನ ಕಡೆ ಬಗ್ಗಿ ನೋಡಿದರು.

"ನಿಮ್ಮ ಕಾರಿನ ಹ್ಯಾಂಡ್‌ಬ್ರೇಕ್ ಒಮ್ಮೆ ಎಳೀಬಹುದಾ?"

ಶೆಟ್ಟರು ಅಲ್ಲಾಡಲಿಲ್ಲ. ಲೋಕನಾಥನೇ ಅಂಬಾಸಿಡರಿನ ಬಾಗಿಲು ತೆಗೆದು ಹಿಡಿ ಎಳೆದ. ಹಿಡಿ ಬಿಗಿಯೇ ಇಲ್ಲದೆ ಸಲೀಸಾಗಿ ಬಂತು. ಇನ್ನೊಂದು ಬದಿಯಲ್ಲಿ ಯಾರೂ ಹಿಡಿದುಕೊಂಡಿಲ್ಲದ ಹಗ್ಗದ ಹಾಗೆ.

ಅವನು ಟಾರ್ಚು ತಂದು, ಯೂನಿಫಾರ್ಮಿನ ಗೊಡವೆ ಬಿಟ್ಟು, ಕಾರಿನ ಅಡಿಗೆ ನುಸುಳಿದ. ಮೇಲೆ ಕತ್ತೆತ್ತಿದರೆ ಹ್ಯಾಂಡ್‌ಬ್ರೇಕಿನ ಕೇಬಲ್ಲು ಚಕ್ರದವರೆಗೆ ಹೋಗಿಯೇ ಇರಲಿಲ್ಲ. ಹೊಸ ಗ್ರೀಸು ಹಚ್ಚಿದ ತುದಿಯನ್ನು ಒಂದು ತಂತಿಯಲ್ಲಿ ಸುತ್ತಿ, ನೇತಾಡದ ಹಾಗೆ ಮೇಲಕ್ಕೆ ಕಟ್ಟಿಟ್ಟಿತ್ತು.

ಅಲ್ಲಿ ಬೆನ್ನಡಿ ಜಲ್ಲಿ ಚುಚ್ಚುತ್ತಿರುವಾಗಲೇ ಲೋಕನಾಥನಿಗೆ ಬೆಳಗಿನ ಚಿತ್ರ ಕಣ್ಣಿಗೆ ಕಟ್ಟಿತು. ಪಡೀಲಿನ ಮೆಕ್ಯಾನಿಕ್ ಶೀನಪ್ಪನ ಗ್ಯಾರೇಜು. ವರ್ಷವೂ ಅಲ್ಲಿಗೆ ಅವಲಕ್ಕಿ ಪ್ರಸಾದಕ್ಕೆ ಹೋಗುತ್ತಿದ್ದ. ಬಾಳೆ ಎಲೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಸ್ಪ್ಯಾನರುಗಳು, ಪ್ರತಿಯೊಂದಕ್ಕೂ ಕುಂಕುಮ. "ಇವತ್ತು ಇವಕ್ಕೆ ರಜೆ ಸಾರ್," ಎಂದಿದ್ದ ಶೀನಪ್ಪ. "ನಾಳೆ ಪೂಜೆ ಮಾಡಿ ಎತ್ತುವವರೆಗೆ ಬ್ರಹ್ಮನೇ ಕಾರು ತಂದ್ರೂ ನಾನು ಒಂದು ನಟ್ಟು ಮುಟ್ಲಿಕ್ಕಿಲ್ಲ."

ಲೋಕನಾಥ ಹೊರಗೆ ಬಂದ. ಬೆನ್ನಿಗೆ ಮಣ್ಣು, ಕೆನ್ನೆಗೆ ಗ್ರೀಸು.

"ಶೆಟ್ರೇ, ಕಾರು ಶೀನಪ್ಪನಲ್ಲಿಗೆ ಕೊಟ್ಟಿದ್ರಾ?"

ಮಹಾಬಲ ಶೆಟ್ಟರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ದೊಡ್ಡ ಆಳು ಅಷ್ಟು ಬೇಗ ಕುಸಿದದ್ದು ನೋಡಿ ಲೋಕನಾಥನಿಗೆ ಪಾಪ ಎನಿಸಿತು.

"ನಿನ್ನೆ ಬಿಚ್ಚಿದ್ದು," ಎಂದರು ಶೆಟ್ಟರು. "ಹೊಸ ಕೇಬಲ್ ಬರುವಾಗ ಕತ್ತಲೆ ಆಯ್ತಂತೆ. ಇವತ್ತು ಬೆಳಿಗ್ಗೆ ಹೋದ್ರೆ ಹತ್ಯಾರು ಎಲ್ಲ ದೇವರೆದುರು. ಶೀನಪ್ಪ ಕೈ ಮುಗಿದ. ಕಾರು ಇಲ್ಲೇ ಇರ್ಲಿ ಅಂದ. ನಾನು ಕೇಳ್ಲಿಲ್ಲ. ಮನೆಯಲ್ಲಿ ಭಟ್ರು ಕಾಯ್ತಾ ಇದ್ದಾರೆ, ಕಾರಿಗೆ ಪೂಜೆ ಆಗದಿದ್ರೆ ವರ್ಷ ಇಡೀ ಮನಸ್ಸಿಗೆ ಕಿರಿಕಿರಿ. ಕಾಲಿನ ಬ್ರೇಕ್ ಉಂಟಲ್ಲ, ಸಾಕು ಅಂತ ತಂದೆ."

"ಏರಿನಲ್ಲಿ?"

"ಹುಲಿ ಅಡ್ಡ ಬಂತು, ನಿಲ್ಲಿಸಿದೆ. ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಕೈ ತಾನೇ ಹ್ಯಾಂಡ್‌ಬ್ರೇಕ್ ಎಳೆದುಬಿಟ್ಟಿತು. ಅದಕ್ಕೆ ಕೇಬಲ್ ಸೇರಿಸಿಲ್ಲ ಅಂತ ಆಗ ತಲೆಗೆ ಹೋಗ್ಲಿಲ್ಲ. ಹಿಂದೆ ಅಮ್ಮ ನರಳಿದ ಹಾಗಾಯ್ತು. ತಿರುಗಿ ನೋಡಿದೆ, ಕಾಲು ಬ್ರೇಕಿನಿಂದ ಎದ್ದುಹೋಯ್ತು. ಮತ್ತೆ ಧಡ್ ಅಂತ ಕೇಳಿದ್ದೇ ಗೊತ್ತು."

ಲೋಕನಾಥ ಕೆನ್ನೆಯ ಗ್ರೀಸು ಒರೆಸಿಕೊಂಡ.

"ನನ್ನ ತಪ್ಪು," ಎಂದರು ಶೆಟ್ಟರು. "ಹುಡುಗ ನಿಂತಿದ್ದ. ನನ್ನ ಕಾರೇ ಜಾರಿದ್ದು. ಬರ್ಕೊಳ್ಳಿ, ಸಹಿ ಹಾಕ್ತೇನೆ."

ಅಯ್ಯೂಬ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮೋನೇ, ಮಗನೇ, ಅಳಬೇಡ," ಎಂದರು ಮೊಯ್ದೀನಬ್ಬ, ತಾವೇ ಅಳುತ್ತ. ಆದರೂ ಕೊಡೆಯನ್ನು ಬಂಪರಿನಿಂದ ಕದಲಿಸಲಿಲ್ಲ.

ಲೋಕನಾಥನ ಮನಸ್ಸು ಮಾತ್ರ ಬೇರೆಲ್ಲೋ ಹೋಗಿತ್ತು. ಹತ್ತೊಂಬತ್ತು ವರ್ಷ. ಕದ್ರಿಯ ಏರು, ಬಲ್ಮಠದ ಏರು, ಎಷ್ಟು ಏರುಗಳು ಈ ಊರಿನಲ್ಲಿ! "ನಾನು ನಿಂತಿದ್ದೆ ಸಾರ್" ಎಂದು ಎಷ್ಟು ಜನ ಕೈ ಮುಗಿದಿದ್ದರು. ಅವರಲ್ಲಿ ಎಷ್ಟು ಜನ ನಿಜಕ್ಕೂ ನಿಂತಿದ್ದರೋ. ಒಂದು ಬೆರಳಿನ ಸುಳಿಯೊಳಗೆ ಇಷ್ಟು ಸತ್ಯ ಕೂತಿರುತ್ತದೆ ಎಂದು ಗೊತ್ತಿದ್ದರೆ! ಎಸ್ತೆರಕ್ಕನ ಕಾಲಿಗೆ ಬೀಳೋಣ ಎನಿಸಿತು. ನಾಚಿಕೆ ಬಿಡಲಿಲ್ಲ.

ಒಳಗೆ ಹೋಗಿ ಅವನು ಮಹಜರು ತೆಗೆದ. ಹಳೆಯ ವಾಕ್ಯದ ಮೇಲೆ ಗೆರೆ ಎಳೆದ. ಪೆನ್ನು ಈ ಸಲ ಪ್ರತಿ ಅಕ್ಷರಕ್ಕೂ ತಡೆಯಿತು: ಮುಂದಿನ ವಾಹನವು ಏರಿನಲ್ಲಿ ಹಿಂದಕ್ಕೆ ಜಾರಿ, ನಿಂತಿದ್ದ ಹಿಂದಿನ ವಾಹನಕ್ಕೆ ತಾಗಿದ್ದೇ ಅಪಘಾತಕ್ಕೆ ಕಾರಣ. ಡ್ರಾಯರಿನಿಂದ ಅಯ್ಯೂಬನ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹನ್ನೆರಡು ನಿಮಿಷ.

"ಕೊಡಿ ಇಲ್ಲಿ." ಶೆಟ್ಟರು ಜೇಬಿನಿಂದ ಪೆನ್ನು ತೆಗೆದಾಗಿತ್ತು.

"ಮೊದಲಿನಿಂದ ಓದಿ ಹೇಳ್ಬೇಕು ಶೆಟ್ರೇ. ರೂಲ್ಸು."

"ಎಲ್ಲ ಗೊತ್ತುಂಟು ಮಾರಾಯ್ರೆ. ಕೊಡಿ, ಸಹಿ ಹಾಕ್ತೇನೆ."

ಇಷ್ಟು ಅವಸರ ಯಾಕೋ. ಆದರೂ ರೂಲ್ಸು ರೂಲ್ಸೇ. ಹತ್ತೊಂಬತ್ತು ವರ್ಷ ಯಾವ ಮಹಜರನ್ನೂ ಓದದೆ ಸಹಿ ತೆಗೆದುಕೊಂಡವನಲ್ಲ ಲೋಕನಾಥ. ಓದತೊಡಗಿದ. ಸ್ಥಳ, ಸಮಯ, ವಾಹನಗಳ ನಂಬರು. ಕೆಳಗೆ ಸಹಿ ಮಾಡಿದ ನಾನು ಅಪಘಾತವಾಗಿ ಹತ್ತು ನಿಮಿಷಗಳೊಳಗೆ ಸ್ಥಳಕ್ಕೆ ಹಾಜರಾಗಿ, ಗಾಯಾಳುವನ್ನು ಕಾರಿನಿಂದ ಇಳಿಸಿ ಆಸ್ಪತ್ರೆಗೆ ಕಳುಹಿಸಿದ್ದು. ಗಾಯಾಳು ಸುಂದರಿಯಮ್ಮ, ಎಪ್ಪತ್ತೆರಡು ವರ್ಷ. ಹಣೆಯ ಮಧ್ಯದಲ್ಲಿ ಗಾಯ. ಸೀರೆಯ ಸೆರಗಿನಲ್ಲಿ ರಕ್ತವು ಒಣಗಿ, ಬಟ್ಟೆ ಗಟ್ಟಿಯಾಗಿದ್ದು...

ಅವನ ನಾಲಗೆ ಅಲ್ಲೇ ನಿಂತಿತು.

ಮತ್ತೊಮ್ಮೆ ಓದಿದ, ಮನಸ್ಸಿನಲ್ಲೇ. ತನ್ನದೇ ಕೈಬರಹ. ಹೌದು, ಅಜ್ಜಿಯನ್ನು ತಾನೇ ಎತ್ತಿ ಇಳಿಸಿದ್ದ. ಸೆರಗು ಕೈಗೆ ಒರಟಾಗಿ, ಗಂಜಿ ಹಾಕಿದ ಬಟ್ಟೆಯ ಹಾಗೆ ತಾಗಿತ್ತು. ಕಂಡದ್ದನ್ನು ಬರೆದಿದ್ದ. ಬರೆದು ಮರೆತಿದ್ದ.

ಹತ್ತು ನಿಮಿಷದಲ್ಲಿ ಸೆರಗು ತುಂಬ ರಕ್ತ ಒಣಗುತ್ತದೆಯೇ?

ಅವನು ತಲೆಯೆತ್ತಿದ. ಕಿಟಕಿಯ ಹೊರಗೆ ಕಾರುಗಳು ಕಂಡವು. ಹಿಂದಕ್ಕೆ ಜಾರಿದ ಕಾರು ತಟ್ಟನೆ ನಿಂತರೆ ಒಳಗೆ ಕೂತವರು ಯಾವ ಕಡೆಗೆ ಬೀಳುತ್ತಾರೆ? ಹಿಂದಕ್ಕೆ, ಸೀಟಿಗೆ. ಪೆಟ್ಟಾದರೆ ತಲೆಯ ಹಿಂಬದಿಗೆ ಆಗಬೇಕು. ಹಣೆಗೆ ಹೇಗಾಯಿತು? ಮತ್ತೆ ಶೆಟ್ಟರೇ ಹೇಳಿದರಲ್ಲ, ಅಮ್ಮ ನರಳಿದ ಹಾಗಾಯಿತು, ತಿರುಗಿ ನೋಡಿದೆ ಎಂದು. ಧಡ್ ಎಂಬ ಸದ್ದು ಬಂದದ್ದು ಆಮೇಲೆ. ಪೆಟ್ಟು ಬೀಳುವ ಮೊದಲೇ ಅಜ್ಜಿ ನರಳಿದ್ದು ಯಾಕೆ? ಹಾಗಾದರೆ ಗಾಯ ಕಾರು ಹತ್ತುವ ಮೊದಲೇ ಆದದ್ದು.

ಅವನು ಎಸ್ತೆರಕ್ಕನ ಕಡೆ ತಿರುಗಿದ. ಅವರು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಸೆರಗಿನದು ನನಗೆಲ್ಲಿಂದ ಗೊತ್ತಾಗ್ಬೇಕು? ಅದನ್ನು ಕಂಡದ್ದು ನೀವು, ಬರೆದದ್ದೂ ನೀವು. ನನಗೆ ಹಣೆಯದು ಮಾತ್ರ ಸಂಶಯ ಇತ್ತು."

ಲೋಕನಾಥ ಮೆಲ್ಲನೆ ಕೇಳಿದ. "ಶೆಟ್ರೇ, ಅಮ್ಮನ ಹಣೆ ಒಡೆದದ್ದು ಎಲ್ಲಿ?"

ಶೆಟ್ಟರ ಪೆನ್ನು ಕಾಗದದಿಂದ ಒಂದು ಇಂಚು ಮೇಲೆ ನಿಂತಿತ್ತು. ಹಣೆಯ ಗಂಧದ ಮೇಲೆ ಬೆವರು ಇಳಿದು ಒಂದು ಗೆರೆ ಕರಗಿತು. ಸ್ವಲ್ಪ ಮೊದಲು ಮೆಟ್ಟಿಲ ಮೇಲೆ ಕುಸಿದ ಮನುಷ್ಯ ಇವರಲ್ಲ. ಇವರು ಬೇರೆಯೇ.

"ಆ ಒಂದು ಸಾಲು ಹೊಡೆದು ಹಾಕಿ," ಎಂದರು. ಧ್ವನಿ ಬಹಳ ತಗ್ಗಿತ್ತು. "ಒಣಗಿದ್ದು ಗಿಣಗಿದ್ದು ಎಂತದ್ದೂ ಬೇಡ, ಗಾಯ ಅಪಘಾತದ್ದೇ ಅಂತ ಇರ್ಲಿ. ಈಗಲೇ ಸಹಿ ಹಾಕ್ತೇನೆ. ತಪ್ಪು ನನ್ನದೇ ಅಂತ. ಹುಡುಗ ನಾಳೆ ಬೊಂಬಾಯಿಗೆ ಹೋಗ್ಲಿ. ಇಲ್ಲದಿದ್ರೆ ನಾನು ಮೊದಲು ಹೇಳಿದ್ದೇ ನಿಜ. ಅವನೇ ಬಂದು ಗುದ್ದಿದ್ದು. ಕೋರ್ಟಿನಲ್ಲಿ ನೋಡುವ, ನಿಮ್ಮ ಗಂಧ ಎಷ್ಟು ದಿನ ಉಳೀತದೆ ಅಂತ."

ಅದೇ ಹೊತ್ತಿಗೆ ಮಳೆ ಹೊಡೆಯಿತು. ಮುನ್ಸೂಚನೆಯ ಹನಿಗಳೇ ಇಲ್ಲದೆ, ಒಮ್ಮೆಲೇ. ಅಂಗಳದಲ್ಲಿ ಮೊಯ್ದೀನಬ್ಬ ತೊಯ್ದು ತೊಪ್ಪೆಯಾಗಿ, ಎರಡೂ ಕೈಯಲ್ಲಿ ಕೊಡೆಯನ್ನು ಕಾರಿನ ಮೂತಿಗೆ ಒತ್ತಿ ಹಿಡಿದಿದ್ದರು. ಗಾಳಿ ಕೊಡೆಯನ್ನು ಒಂದು ಸಲ ಎತ್ತಿತು. ಅವರು ಅದರ ಮೇಲೆ ಮೈಯನ್ನೇ ಹಾಕಿದರು.

ಬಾಗಿಲಲ್ಲಿ ಅಯ್ಯೂಬ್ ನಿಂತಿದ್ದ. ಎಲ್ಲವನ್ನೂ ಕೇಳಿದ್ದ. ಅವನ ಕಣ್ಣು ಮೇಜಿನ ಮೇಲಿನ ಲೈಸೆನ್ಸಿನ ಮೇಲಿತ್ತು. ಬೇಕು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

"ಎಸ್ತೆರಕ್ಕ..." ಲೋಕನಾಥ ಸ್ಟೂಲಿನ ಕಡೆ ತಿರುಗಿದ. "ನಾನೆಂತ ಮಾಡ್ಬೇಕು?"

ಇಡೀ ಸಂಜೆ ಪ್ರತಿ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ ಎಸ್ತೆರಕ್ಕ ಕನ್ನಡಕ ಹಾಕಿಕೊಂಡು ಮಳೆಯ ಕಡೆ ತಿರುಗಿದರು.

"ಅದು ನಿಮ್ಮ ಮಹಜರು, ಲೋಕನಾಥ."

ಗೇಟಿನಲ್ಲಿ ಸಬ್ ಇನ್‌ಸ್ಪೆಕ್ಟರರ ಜೀಪಿನ ದೀಪಗಳು ಒಳಗೆ ತಿರುಗಿದವು. ಲೋಕನಾಥ ಕಾಗದವನ್ನು ತನ್ನ ಕಡೆ ಎಳೆದುಕೊಂಡ. ಪೆನ್ನಿನ ಮುಚ್ಚಳ ತೆಗೆದ.